ಜಿಂಗಣ್ಣನ ಮೀಸೆ ಮತ್ತು ಅತ್ಯಾನ ದಬ್ಬಣ

ಪುಣೆಯ ಖಡಕಿಯಲ್ಲಿ ನಮ್ಮ ಅತ್ಯಾನ ಅಡಿಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೇ ಜೋತುಬಿದ್ದು, ಒಂದು ದಬ್ಬಣವಿದೆ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಅದರ ಕಣ್ಣಿನಿಂದ ಸದಾ ಗೇಣುದ್ದ ಬಿಳಿ ದಾರ ಇಳಿಬಿದ್ದಿರುತ್ತದೆ. ಆ ಮನೆಯಲ್ಲಿ ಗೋಣಿಚೀಲವನ್ನು ಯಾರೂ ಎಂದೂ ಹೊಲಿದದ್ದಿಲ್ಲ. ಅದು ಸಾಹಿತ್ಯಸೇವೆಗೆಂದೇ ಮೀಸಲಾದ ದಬ್ಬಣ. ಕನ್ನಡಕ್ಕೆ ಲೇಖನಿಯಿಂದಾದ ಉಪಕಾರದ ಬಗ್ಗೆ ಭಾಷಣಗಳು ಬೇಕಾದಷ್ಟಿವೆ. ದಬ್ಬಣದಿಂದಾದ ಉಪಕಾರದ ಬಗ್ಗೆ ಯಾರೂ ಬಾಯಿ ಬಿಡದೆ ಇರುವುದರಿಂದ ಆ ಭಾರ ಈಗ ನನ್ನ ಹೆಗಲಿಗೆ ಬಿದ್ದಿದೆ.

ಅತ್ಯಾ ಎಂದರೆ ನಮ್ಮ ಕಡೆ ಸೋದರತ್ತೆ. ವಿಜಯಪುರದಿಂದ ಮದುವೆಯಾಗಿ ಪುಣೆಗೆ ಬಂದವಳು. ಅವಳ ಗಂಡ, ಅಂದರೆ ನಮ್ಮ ಮಾಮಾ, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ತೋಪಿನ ಗುಂಡುಗಳ ಪಟ್ಟಿ ಬರೆದು ಮನೆಗೆ ಬಂದ ಆ ಮನುಷ್ಯ ಗೋಡೆಯ ಮೇಲೆ ಹಲ್ಲಿ ಕಂಡರೆ ಕುರ್ಚಿ ಹತ್ತಿ ನಿಲ್ಲುತ್ತಿದ್ದರು. ಪುಣೆಯ ಕ್ಯಾಂಪ್ ಪೇಟೆಯ ಒಂದು ಪೇಪರ್ ಅಂಗಡಿಯಿಂದ ಪ್ರತಿ ಶನಿವಾರ ಅವರು ಕನ್ನಡ ವಾರಪತ್ರಿಕೆ ತರುತ್ತಿದ್ದರು. ವರ್ಷ ತುಂಬಿದ ಮೇಲೆ ಅತ್ಯಾ ಆ ಪತ್ರಿಕೆಗಳನ್ನೆಲ್ಲ ನೆಲದ ಮೇಲೆ ಹರಡಿ, ಬೇಕಾದ ಪುಟಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ದೇವರನ್ನು ಒಳಮುಖವಾಗಿಸಿ ರಟ್ಟು ಹಾಕುತ್ತಿದ್ದಳು. ಧಾರಾವಾಹಿ ಕಾದಂಬರಿ ಅವಳಿಗೆ, ಚಿತ್ರಕಥೆ ಮುಂದೆ ಅಕ್ಷರ ಕಲಿಯಲಿರುವ ನನಗೆ, ಮಿಕ್ಕಿದ್ದು ರದ್ದಿಗೆ. ಪರವೂರಿಗೆ ಬಂದು ನೆಲೆಸಿದ ನಮ್ಮ ಮಂದಿಯ ಎಷ್ಟೋ ಮನೆಗಳಲ್ಲಿ ಇಂಥ ಗ್ರಂಥಾಲಯಗಳಿದ್ದವು. ಇವುಗಳ ವಿಶೇಷವೇನೆಂದರೆ, ಕತ್ತರಿಸಿದ ಹಾಳೆಗಳ ಹಿಂಬದಿಯಲ್ಲಿ ಎಲ್ಲವೂ ಅರ್ಧ ಮಾತ್ರ ಇರುತ್ತಿತ್ತು. ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯನ್ನು ಹುರಿಯುವವರೆಗೆ ನಾನು ಬಲ್ಲೆ, ಆಮೇಲೇನು ಮಾಡಬೇಕೋ ತಿಳಿಯದು. ಕನ್ಯಾರಾಶಿಯವರಿಗೆ ಒಳ್ಳೆಯ ಕಾಲ ಬರಲಿದೆಯೆಂದು ಗೊತ್ತು, ಆದರೆ ನನ್ನದು ತುಲಾ. ಪುಣೆಯಲ್ಲೇ ಬೆಳೆದು ಮರಾಠಿ ಶಾಲೆಗೆ ಹೋಗುತ್ತಿದ್ದ ನನ್ನ ಕನ್ನಡ ಪಾಂಡಿತ್ಯ ಇಂದಿಗೂ ಅರ್ಧಂಬರ್ಧವಾಗಿದ್ದರೆ ಅದಕ್ಕೆ ಕಾರಣ ಇದೇ.

ಹೀಗೆ ಹೊಲಿದ ಒಂದು ಪುಸ್ತಕದಲ್ಲಿ ಜಗಜಟ್ಟಿ ಜಿಂಗಣ್ಣ ವಾಸವಾಗಿದ್ದ. ಹೆಸರು ಜಗಜಟ್ಟಿಯಾದರೂ ಆಳು ಒಣಗಿದ ನುಗ್ಗೆಕಾಯಿ. ರಾಜನ ಓಲೆಗಳನ್ನು ಊರೂರಿಗೆ ಮುಟ್ಟಿಸುವುದು ಅವನ ಕೆಲಸ. ಸೊಂಟದ ಕತ್ತಿ ಒರೆಯಲ್ಲೇ ತುಕ್ಕು ಹಿಡಿದು ಕೂತಿದ್ದರಿಂದ ಅದನ್ನು ಅವನು ಎಂದೂ ಹಿರಿದವನಲ್ಲ. ಅವನ ಶೌರ್ಯವೆಲ್ಲ ಮೀಸೆಯಲ್ಲಿತ್ತು. ಎರಡೂ ಕೆನ್ನೆ ದಾಟಿ ಕಿವಿಯ ಹಿಂದಕ್ಕೆ ಹೋಗುವ ಆ ಮೀಸೆಯನ್ನು ಕಂಡೇ ಕಳ್ಳರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಜೊತೆಗೆ ದಿವಾನ ಎಂಬ ಒಂದು ಹೋತ. ಮುಖ್ಯವಾದ ಓಲೆಗಳನ್ನೇ ಹುಡುಕಿ ತಿನ್ನುವುದು ಅದರ ಹವ್ಯಾಸ. ನನ್ನ ಬಾಲ್ಯದಲ್ಲಿ ನನಗೆ ಸಿಕ್ಕ ಮಹಾಪುರುಷರು ಇವರಿಬ್ಬರೇ, ಅದರಲ್ಲಿ ಒಬ್ಬ ಹೋತ.

ಒಂದು ಕಂತಿನ ಕೊನೆಗೆ ಜಿಂಗಣ್ಣ ಪಾಳುಬಾವಿಗೆ ಬೀಳುತ್ತಾನೆ. ಮೇಲೆ ದಿವಾನ ಗಡ್ಡ ಇಳಿಬಿಟ್ಟು ಇಣುಕುತ್ತದೆ. ಕೆಳಗೆ ‘ಮುಂದಿನ ವಾರ’ ಎಂದಿದೆ. ಪುಟ ತಿರುವಿದರೆ ಜಿಂಗಣ್ಣ ಅರಮನೆಯಲ್ಲಿ ರಾಜನ ಪಕ್ಕ ಕೂತು ಹೋಳಿಗೆ ತಿನ್ನುತ್ತಿದ್ದಾನೆ. ನಡುವಿನ ಒಂದು ಕಂತು ಇಲ್ಲವೇ ಇಲ್ಲ. ಕೇಳಿದಾಗಲೆಲ್ಲ ಅತ್ಯಾ ಒಂದೇ ಮಾತು ಹೇಳುತ್ತಿದ್ದಳು: “ಆ ವಾರದ್ದು ಪುಣೆಕ್ಕ ಬರಲೇ ಇಲ್ಲೋ ಶೀನ್ಯಾ. ಇಂದಾಪುರದಾಗ ಬಸ್ಸು ಕೆಟ್ಟು ನಿಂತಿತ್ತು.” ಆಮೇಲೆ ವಿಜಯಪುರಕ್ಕೆ ಹೋಗಿಬರುವಾಗಲೆಲ್ಲ ಇಂದಾಪುರ ಬಂದೊಡನೆ ನಾನು ಬಸ್ಸಿನ ಕಿಟಕಿಗೆ ಮೂಗು ಒತ್ತಿ, ಅಲ್ಲಿಯ ಕಬ್ಬಿನ ಗದ್ದೆಗಳಲ್ಲಿ ಎಲ್ಲಾದರೂ ಆ ಕಂತು ಬಿದ್ದಿದೆಯೇ ಎಂದು ನೋಡುತ್ತಿದ್ದೆ.

ಬರದೆ ಹೋದ ಕಂತನ್ನು ಅತ್ಯಾ ತಾನೇ ಹೇಳುತ್ತಿದ್ದಳು. ಪಕ್ಕದ ಕ್ವಾರ್ಟರ್ಸಿನವರೊಡನೆ ನಲ್ಲಿಯ ಹತ್ತಿರ ಜಗಳವಾದ ದಿನ ಬಾವಿಯೊಳಗೆ ಒಬ್ಬ ರಕ್ಕಸಿ ಇರುತ್ತಿದ್ದಳು, ಅವಳ ದನಿ ಪಕ್ಕದ ಮನೆಯಿಂದ ಬಂದಂತೆಯೇ ಇರುತ್ತಿತ್ತು. ಮನಸ್ಸು ತಿಳಿಯಾಗಿದ್ದ ದಿನ ಒಂದು ಆಮೆ ಬಂದು ಜಿಂಗಣ್ಣನಿಗೆ ಅವಲಕ್ಕಿ ಕೊಡುತ್ತಿತ್ತು. ಆದರೆ ಪಾರಾಗುವ ದಾರಿ ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಜಿಂಗಣ್ಣ ಕಣ್ಣೀರು ಹಾಕುತ್ತ ತನ್ನ ಮೀಸೆಯನ್ನು ತಾನೇ ಕತ್ತರಿಸಿ, ಹೊಸೆದು ಹಗ್ಗ ಮಾಡಿ, ಮೇಲಕ್ಕೆಸೆದು, ದಿವಾನನ ಕೊಂಬಿಗೆ ಸಿಕ್ಕಿಸಿ ಹತ್ತಿ ಬರುತ್ತಿದ್ದ. “ಮತ್ತ ಹೋಳಿಗಿ ತಿನ್ನೋವಾಗ ಮೀಸಿ ಅದಲಾ?” ಎಂದು ನಾನು ಕೇಳಿದರೆ ಅವಳು ಆ ಚಿತ್ರದಲ್ಲಿ ಅವನ ಕಿವಿಯ ಹತ್ತಿರದ ಒಂದು ಸಣ್ಣ ಗೆರೆಯ ಮೇಲೆ ಬೆರಳಿಡುತ್ತಿದ್ದಳು. “ಇದು ದಾರ. ಕಟ್ಟಿದ ಮೀಸಿ ಅದು. ಯಾರಿಗೂ ಹೇಳಬ್ಯಾಡ.” ಚಿತ್ರಕಾರನ ಕೈ ಜಾರಿ ಬಿದ್ದ ಗೆರೆ ಇರಬೇಕು. ನಾನು ಮಾತ್ರ ಯಾರಿಗೂ ಹೇಳಲಿಲ್ಲ. ಅಂದಿನಿಂದ ಪುಸ್ತಕದ ಮಿಕ್ಕ ಭಾಗವನ್ನೆಲ್ಲ, ಮೀಸೆ ಯಾವಾಗ ಉದುರಿ ಬೀಳುವುದೋ ಎಂಬ ಭಯದಲ್ಲೇ ಓದಿದೆ. ಕಳ್ಳರು ಅವನ ಮೀಸೆಗೆ ಹೆದರಿ ಓಡುವಾಗ ಅದು ಕಟ್ಟಿದ ಮೀಸೆಯೆಂದು ತಿಳಿದವರು ಲೋಕದಲ್ಲಿ ಮೂವರೇ: ಅವನು, ಅತ್ಯಾ, ನಾನು. ಸ್ವಂತ ಮೀಸೆಯೂ ಇಲ್ಲದೆ ಧೈರ್ಯವಾಗಿ ನಿಂತ ಅವನು ನಿಜವಾಗಿ ಜಗಜಟ್ಟಿಯಾದದ್ದು ಆ ಬಾವಿಯ ನಂತರವೇ ಎಂದು ನನಗೆ ಆಗಲೇ ಅನ್ನಿಸಿತ್ತು.

ಈಗ ನನಗೆ ತಲೆ ಬೆಳ್ಳಗಾಗಿದೆ, ಪುಣೆಯ ಒಂದು ಕಾರ್ಟೂನ್ ಸಿನಿಮಾ ಸ್ಟುಡಿಯೋದಲ್ಲಿ ಕಥೆ ಬರೆದು ಹೊಟ್ಟೆ ಹೊರೆಯುತ್ತೇನೆ. ನಿರ್ದೇಶಕಿ ಮೃಣಾಲ್ ನನ್ನ ಮಗಳ ವಾರಿಗೆಯ ಮರಾಠಿ ಹುಡುಗಿ. ಊಟದ ಹೊತ್ತಿನಲ್ಲಿ ಒಮ್ಮೆ ಜಿಂಗಣ್ಣನ ಕಥೆ ಹೇಳಿದೆ. ಅವಳು ಕೈಯಲ್ಲಿದ್ದ ಚಪಾತಿಯನ್ನು ಮರೆತು ಕೇಳಿದಳು. ಇದನ್ನೇ ಸಿನಿಮಾ ಮಾಡಬೇಕೆಂದು ಹಟ ಹಿಡಿದಳು. ಸಿನಿಮಾದವರ ಸಭೆಯಲ್ಲಿ ನೀವು ಎಂದಾದರೂ ಕೂತಿದ್ದೀರಾ? ಇಲ್ಲವಾದರೆ ನೀವು ಪುಣ್ಯವಂತರು. ನಾಯಕನಿಗೆ ಬಾಲ್ಯದಲ್ಲಿ ಒಂದು ದೊಡ್ಡ ದುಃಖ ಆಗಿರಬೇಕು ಎಂದರೊಬ್ಬರು. ಬೆಂಕಿ ಉಗುಳುವ ಘಟಸರ್ಪ ಬೇಕು ಎಂದರಿನ್ನೊಬ್ಬರು. ಹೋತ ವಾಸನೆ ಹೊಡೆಯುವ ಪ್ರಾಣಿಯಾದ್ದರಿಂದ ಅದರ ಬದಲು ರೆಕ್ಕೆಯ ಕುದುರೆ ಇರಲಿ ಎಂದು, ಪರದೆಯ ಮೇಲಿನ ವಾಸನೆಯೂ ಮೂಗಿಗೆ ಬಡಿಯುವ ಸೂಕ್ಷ್ಮಜೀವಿಯೊಬ್ಬರು ಸಲಹೆ ಕೊಟ್ಟರು. ಮೃಣಾಲ್ ಎಲ್ಲರನ್ನೂ ಎದುರಿಸಿದಳು. ಅವಳಿಗೆ ಬೇಕಾಗಿದ್ದದ್ದು ಬಾವಿ. ಸಿನಿಮಾದ ಅರ್ಧಭಾಗ ಬಾವಿಗೆ ಬೀಳುವವರೆಗೆ, ಇನ್ನರ್ಧ ಕಟ್ಟಿದ ಮೀಸೆಯ ಸಾಹಸ. ಅದರ ಮೇಲೆಯೇ ಸ್ಟುಡಿಯೋದ ಹುಡುಗ ಹುಡುಗಿಯರು ಹಗಲೂ ಇರುಳೂ ಚಿತ್ರ ಬರೆದರು.

ಹಕ್ಕು ಕೊಡಬೇಕಾದವರು ಬೆಳಗಾವಿಯ ವಿಮಲಾಬಾಯಿ. ಚಿತ್ರಕಾರರು ತೀರಿಹೋಗಿ ಬಹಳ ಕಾಲವಾಗಿತ್ತು, ಇವರು ಅವರ ಮಗಳು, ಶಾಲಾಶಿಕ್ಷಕಿಯಾಗಿ ನಿವೃತ್ತರಾದವರು. ಫೋನಿನಲ್ಲೂ ಅವರೆದುರು ಕೈಕಟ್ಟಿ ನಿಂತೇ ಮಾತಾಡಬೇಕೆನ್ನಿಸುತ್ತಿತ್ತು. “ನೋಡ್ರಿ, ನಮ್ಮಪ್ಪಾರು ಹ್ಯಾಂಗ ಬರದಾರೋ ಹಂಗ ಇರಬೇಕು,” ಎಂದರು. “ಅಚ್ಚಾಗಿದ್ದನ್ನ ಬದಲು ಮಾಡಬ್ಯಾಡ್ರಿ. ಸಿಗಲಾರದ್ದು ಏನರೆ ಇದ್ರ ನಿಮಗ ಬಿಟ್ಟದ್ದು.” ಪತ್ರಿಕೆ ನಿಂತುಹೋಗಿತ್ತು, ಅವರ ಮನೆಯಲ್ಲೂ ಆ ಕಂತು ಇರಲಿಲ್ಲ. ಮೊದಲ ಕರಡು ಚಿತ್ರವನ್ನು ನೋಡಲು ತಾವೇ ಪುಣೆಗೆ ಬರುವುದಾಗಿಯೂ, ಅದನ್ನು ನೋಡಿದ ಮೇಲೆಯೇ ಸಹಿ ಹಾಕುವುದಾಗಿಯೂ ಹೇಳಿದರು.

ಅವರು ಬರುವ ಮುಂಚಿನ ಭಾನುವಾರ ನಾನು ಖಡಕಿಗೆ ಹೋಗಿ, ಆಮೆ ಅವಲಕ್ಕಿಯ ಜೊತೆ ಬೆಲ್ಲ ಕೊಡುತ್ತಿತ್ತೋ ಮೊಸರು ಕೊಡುತ್ತಿತ್ತೋ ಎಂಬ ಗಂಭೀರ ಪ್ರಶ್ನೆಯನ್ನು ಅತ್ಯಾನ ಮುಂದಿಟ್ಟೆ. ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದ ಅವಳು, “ಖರೇ ಕಂತು ನೋಡಿ ಮಾಡಬಾರದೇನು?” ಎಂದಳು.

“ಅದು ಎಲ್ಲೂ ಸಿಗವಲ್ದು ಅತ್ಯಾ.”

“ಸಿಗಲಾರದಕ್ಕೇನಾಗೇದ? ನನ್ನ ಕಾದಂಬರ್ಯಾಗ ಅದಲಾ.”

ಟ್ರಂಕಿನಿಂದ ಅವಳ ಹೊಲಿದ ಕಾದಂಬರಿ ಹೊರಬಂತು. ಕೊನೆಯ ಹಾಳೆಯನ್ನು ತಿರುವಿ ಹಿಡಿದಳು. ಒಂದು ಬದಿಗೆ ಕಾದಂಬರಿಯ ಕೊನೆಯ ಕಂತು. ಇನ್ನೊಂದು ಬದಿಗೆ, ನಾನು ಇಂದಾಪುರದ ಕಬ್ಬಿನಲ್ಲಿ ಹುಡುಕಿದ್ದ ಜಿಂಗಣ್ಣ. “ಹಾಳಿ ಒಂದ, ಕಥಿ ಎರಡು,” ಎಂದಳು ಅತ್ಯಾ, ಕಿಂಚಿತ್ತೂ ನಾಚಿಕೆಯಿಲ್ಲದೆ. “ವರ್ಷಗಟ್ಲೆ ಓದಿದ ಕಾದಂಬರಿ, ಕಡೀಕ ಆಕಿ ಗಂಡನ ಮನಿಗೆ ಹೋದಳೋ ಬಿಟ್ಟಳೋ ತಿಳೀಬೇಕೋ ಬ್ಯಾಡೋ? ನಿನಗ ನಾ ಬಾಯಿಲೆ ಹೇಳಬಹುದು ಅಂತ ಇದನ್ನ ನಾ ಇಟಗೊಂಡೆ.”

ನಾನು ಚಿತ್ರಗಳನ್ನು ನೋಡಿದೆ. ರಾಜನ ಸೈನಿಕರು ಬಾವಿಯ ಸುತ್ತ ನಿಂತಿದ್ದಾರೆ. ಹಗ್ಗ ಇಳಿಬಿಡುತ್ತಿದ್ದಾರೆ. ಅಷ್ಟೇ. ಆಮೆಯಿಲ್ಲ, ರಕ್ಕಸಿಯಿಲ್ಲ, ಮೀಸೆಯ ಬಲಿದಾನವಿಲ್ಲ. ಪುರಸಭೆಯವರು ಬಂದು ಹಸುವನ್ನು ಎತ್ತುವ ಹಾಗೆ ಎತ್ತಲು ನಿಂತಿದ್ದಾರೆ. ನನ್ನ ಮಹಾಪುರುಷನನ್ನು ಸರ್ಕಾರಿ ನೌಕರರು ಕಾಪಾಡುತ್ತಿದ್ದರು. ಬಾಲ್ಯದಲ್ಲಿ ನಾನು ಪ್ರೀತಿಸಿದ್ದು ಆ ಪುಸ್ತಕವನ್ನಲ್ಲ, ಆ ಪುಸ್ತಕದ ತೂತನ್ನು ಎಂದು ಆ ಕ್ಷಣ ತಿಳಿಯಿತು. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು: ಈ ಹಾಳೆ ಹೊರಬಿದ್ದರೆ ಮೃಣಾಲಳ ಅರ್ಧ ಸಿನಿಮಾ ನೀರುಪಾಲು.

“ಇದನ್ನ ಟ್ರಂಕಿನ್ಯಾಗ ಇಟ್ಟುಬಿಡು ಅತ್ಯಾ. ನಾ ನೋಡೇ ಇಲ್ಲ,” ಎಂದೆ.

“ಹುಚ್ಚ,” ಎಂದಳು ಅವಳು. “ಆಕೀ ಅಪ್ಪನ ಚಿತ್ರ. ಆಕೀಗೆ ತೋರಸಲಾರದ ಹ್ಯಾಂಗ? ನಾನೂ ಬರ್ತೀನಿ ನಡಿ.”

ಹೀಗೆ ವಿಮಲಾಬಾಯಿ ಸ್ಟುಡಿಯೋಗೆ ಬಂದ ದಿನ, ಇಳಕಲ್ ಸೀರೆ ಉಟ್ಟು, ಕಾದಂಬರಿಯನ್ನು ಎದೆಗವಚಿಕೊಂಡು ಅತ್ಯಾ ಕೂಡ ಬಂದು ಕೂತಳು. ಕರಡು ಚಿತ್ರ ಓಡಿತು. ಜಿಂಗಣ್ಣ ಅಳುತ್ತ ಮೀಸೆ ಕತ್ತರಿಸಿಕೊಂಡಾಗ ವಿಮಲಾಬಾಯಿಯವರ ತುಟಿ ಬಿಗಿಯಿತು. ದೀಪ ಹಾಕಿದ ಮೇಲೆ ಅತ್ಯಾ ಎದ್ದುಹೋಗಿ ಅವರ ತೊಡೆಯ ಮೇಲೆ ಪುಸ್ತಕವನ್ನು ಬಿಚ್ಚಿಟ್ಟು, ಹಾಳೆ ತನ್ನಲ್ಲಿ ಉಳಿದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಮೃಣಾಲ್ ಬಗ್ಗಿ ನೋಡಿದಳು. ಕನ್ನಡ ಬಾರದಿದ್ದರೂ ಸೈನಿಕರೂ ಹಗ್ಗವೂ ಎಲ್ಲ ಭಾಷೆಯಲ್ಲೂ ಒಂದೇ. “ಆಜಿ, ಮಗ ಮಿಶೀಚಂ ಕಾಯ?” ಎಂದಳು, ಹಾಗಾದರೆ ಮೀಸೆಯ ಗತಿಯೇನೆಂದು. ಅವಳ ದನಿ ಸಣ್ಣದಾಗಿತ್ತು.

ವಿಮಲಾಬಾಯಿ ಚಿತ್ರದ ಮೇಲೆ ಬೆರಳಾಡಿಸಿದರು. ಅಪ್ಪನ ಕೈಗೆರೆಯನ್ನು ಅಷ್ಟು ವರ್ಷಗಳ ಮೇಲೆ ನೋಡುತ್ತಿದ್ದರು, ಅವರ ಕಣ್ಣು ತುಂಬಿತ್ತು. ಆಮೇಲೆ ಅವರೊಳಗಿನ ಮೇಷ್ಟ್ರಮ್ಮ ಎಚ್ಚರಗೊಂಡರು. “ಹಾಳಿ ಗಿಡ್ಡ ಅದಲ್ಲರೀ. ಕೆಳಗಿನ ಸಾಲು ಎಲ್ಲಿ?”

ನಾನೂ ಆಗಲೇ ಗಮನಿಸಿದ್ದು. ಮಿಕ್ಕ ಕಂತುಗಳಲ್ಲಿರುವಂತೆ ಕೆಳಗೆ ಇನ್ನೊಂದು ಸಾಲು ಚಿತ್ರಗಳಿರಬೇಕಿತ್ತು. ಅಲ್ಲಿ ಹಾಳೆಯೇ ಇರಲಿಲ್ಲ.

“ನನ್ನ ಕಾದಂಬರಿ ಅರ್ಧಾ ಹಾಳಿಗೇ ಮುಗದಿತ್ರಿ,” ಎಂದಳು ಅತ್ಯಾ. “ಅದರ ಕೆಳಗ ಹಲ್ಲುಪುಡಿ ಜಾಹೀರಾತು ಇತ್ತು. ಅಂಥಾ ಅಳೋ ಕಥಿ ಮುಗದ ಮ್ಯಾಲೆ ಹಲ್ಲು ಕಿಸದು ನಿಂತ ಮನಶ್ಯಾನ್ನ ಹ್ಯಾಂಗ ನೋಡೋದ್ರಿ? ಕತ್ತರಿಸಿ ಬಚ್ಚಲ ಒಲಿಗೆ ಹಾಕಿದೆ.”

“ಅದರ ಹಿಂದ ಏನಿತ್ತು, ನೆನಪದ ಏನ್ರಿ ನಿಮಗ?”

ಅತ್ಯಾ ರೆಪ್ಪೆ ಬಡಿಯಲಿಲ್ಲ. “ಹಗ್ಗ ಗಿಡ್ಡ ಬಿದ್ದಿತ್ರಿ,” ಎಂದಳು.

ವಿಮಲಾಬಾಯಿ ಅವಳನ್ನೇ ನೋಡಿದರು. ತರಗತಿಯ ಹಿಂದಿನ ಬೆಂಚಿನ ಸುಳ್ಳುಗಳನ್ನೆಲ್ಲ ಜೀವಮಾನವಿಡೀ ಹಿಡಿದ ಕಣ್ಣುಗಳವು. ಅತ್ಯಾನೂ ನೋಡಿದಳು. ಆ ಇಬ್ಬರು ಹೆಂಗಸರ ನಡುವೆ ಜಿಂಗಣ್ಣ ಇನ್ನೂ ಬಾವಿಯಲ್ಲೇ ಜೋತಾಡುತ್ತಿದ್ದ. ಕಡೆಗೆ ವಿಮಲಾಬಾಯಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿಕೊಂಡರು.

“ಹಗ್ಗ ಗಿಡ್ಡ ಬಿದ್ದಿದ್ರ,” ಎಂದರು, “ಮೀಸಿ ಬೇಕಾಗೇ ಆಗ್ತದ.”

ಸಿನಿಮಾದಲ್ಲಿ ಈಗ ಸೈನಿಕರೂ ಇದ್ದಾರೆ. ಅವರು ಇಳಿಬಿಟ್ಟ ಹಗ್ಗ ಸಾಲದೆ ಹೋಗುತ್ತದೆ, ಜಿಂಗಣ್ಣ ತನ್ನ ಮೀಸೆಯನ್ನು ಅದಕ್ಕೆ ಗಂಟು ಹಾಕಿ ಮೇಲೆ ಬರುತ್ತಾನೆ. ಅಚ್ಚಾದದ್ದೂ ಇದೆ, ಅತ್ಯಾನದ್ದೂ ಇದೆ, ಎರಡರ ನಡುವಿನ ಆ ಗಂಟನ್ನು ಮೃಣಾಲ್ ಪರದೆಯ ತುಂಬ ತೋರಿಸಿದ್ದಾಳೆ. ಹಗ್ಗ ನಿಜವಾಗಿಯೂ ಗಿಡ್ಡ ಬಿದ್ದಿತ್ತೇ ಎಂದು ನಾನು ಅತ್ಯಾನನ್ನು ಕೇಳಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂಬ ಹೆದರಿಕೆ ನನಗೆ.

ಮೊನ್ನೆ ಖಡಕಿಗೆ ಹೋದಾಗ ಬಾಗಿಲ ಹಿಂದಿನ ದಬ್ಬಣವನ್ನು ನಾನೇ ಮೊಳೆಯಿಂದಿಳಿಸಿ ಅವಳ ಮುಂದಿಟ್ಟೆ. ಸಹಿಯೂ ಆಯಿತು, ಇನ್ನಾದರೂ ಆ ಹಾಳೆಯನ್ನು ಕಾದಂಬರಿಯಿಂದ ಬಿಚ್ಚಿ ನನ್ನ ಜಿಂಗಣ್ಣನ ಪುಸ್ತಕದಲ್ಲಿ ಅದರ ಜಾಗಕ್ಕೆ ಹೊಲಿದು ಕೊಡು ಎಂದೆ. ಅತ್ಯಾ ದಬ್ಬಣವನ್ನು ಎತ್ತಿಕೊಂಡು, ಸಿಕ್ಕಾಗಿದ್ದ ದಾರವನ್ನು ಬಿಡಿಸಿ ನೇರ ಮಾಡಿ, ಮತ್ತೆ ಮೊಳೆಗೆ ನೇತುಹಾಕಿದಳು.

“ಅದು ನನ್ನ ಕಾದಂಬರಿ ಕಡೀ ಹಾಳಿ,” ಎಂದಳು. “ನಿಂದು ನಿನಗ ಹೇಳೇನಲಾ.”