ಸೌಟು ಹಿಡಿದವಳ ಪಾಲು

ಅಂಬೇವಾಡಿಯ ಬಂದೇನವಾಜನಿಗೆ ಹೊಟ್ಟೆಪಾಡು ಮೊಬೈಲ್ ರಿಪೇರಿ, ಹುಚ್ಚು ಮಾತ್ರ ಕಂಪ್ಯೂಟರ್ ಆಟದ್ದು. ಆಡುವ ಹುಚ್ಚಾದರೆ ಹೋಗಲಿ ಬಿಡಿ ಅನ್ನಬಹುದಿತ್ತು, ಇವನದು ಆಟ ಕಟ್ಟುವ ಹುಚ್ಚು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಡೆದ ಪರದೆ, ಉಬ್ಬಿದ ಬ್ಯಾಟರಿಗಳ ನಡುವೆ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಗಿರಾಕಿ ಬಂದು ಕೆಮ್ಮಿದರೂ ತಲೆ ಎತ್ತದೆ, ಒಂದೇ ಯುದ್ಧದಾಟವನ್ನು ಕಟ್ಟುತ್ತ ಕೂತಿರುತ್ತಿದ್ದ. ಜೊತೆಗೆ ಹಳಿಯಾಳದ ಸಿದ್ದಲಿಂಗ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಆಟದ ಚಿತ್ರಗಳೆಲ್ಲ ಅವನ ಕೈಯವು.

ಆಟದಲ್ಲಿ ಒಂದು ನದಿ, ಎರಡು ದಂಡೆ. ಈಚೆ ದಂಡೆಯಲ್ಲಿ ಆಡುವವನ ಪಡೆ, ಆಚೆ ದಂಡೆಯಲ್ಲಿ ಕಂಪ್ಯೂಟರಿನ ಪಡೆ. ಎರಡೂ ಪಡೆ ಒಂದೇ ನಮೂನೆ ಇದ್ದರೆ ಆಟ ಉಪ್ಪಿಲ್ಲದ ಸಾರು. ಅಂಗಿಯ ಬಣ್ಣ ಬದಲಿಸಿದರೆ ಪಡೆ ಬೇರೆ ಆಗುವುದಿಲ್ಲ, ಬಾಳುವ ರೀತಿಯೇ ಬೇರೆ ಆಗಬೇಕು. ಇಷ್ಟು ಬುದ್ಧಿ ಬಂದೇನವಾಜನಿಗಿತ್ತು, ಇಲ್ಲ ಅನ್ನಬಾರದು.

ಆಚೆ ದಂಡೆಯವರಿಗೆ ಹೆಸರಿಲ್ಲ, ಹೆದರಿಕೆ ಇಲ್ಲ, ಮನೆ ಇಲ್ಲ. ಕಾಳು ಮಾತ್ರ ಬೇಕು, ಕಾಳಿಲ್ಲದೆ ಯಾವ ಸಿಪಾಯಿಯೂ ಕತ್ತಿ ಎತ್ತುವಂತಿರಲಿಲ್ಲ. ಯಂತ್ರಕ್ಕೆ ದೊಡ್ಡವರು ಚಿಕ್ಕವರು, ನೆಂಟರು ಇಷ್ಟರು ಎಂದು ಕಲಿಸುತ್ತ ಕೂರಲು ಅವನಿಗೆ ಬೇಸರ. ಇದ್ದದ್ದನ್ನು ತಲೆಗೆ ಸಮನಾಗಿ ಹಂಚು ಎಂದು ಬರೆದು ಕೈ ತೊಳೆದುಕೊಂಡ.

ಈಚೆ ದಂಡೆಯವರಿಗೆ ಮನೆ ಬೇಕಿತ್ತು. ಮನೆ ಅಂದರೆ ಹೇಗಿರಬೇಕು? ಅವನು ತನ್ನ ಮನೆಯನ್ನೇ ನೋಡಿದ. ಹೆಂಡತಿ ಅನೀಸಾ ಬಡಿಸುತ್ತಾಳೆ. ಮೊದಲು ಅವನಿಗೆ, ಆಮೇಲೆ ಅವನ ತಾಯಿ ಸಿರಾಜುನ್ನಿಸಾಗೆ, ಆಮೇಲೆ ಎಂಟನೇ ಇಯತ್ತೆಯ ಮಗಳು ಮೆಹರೀನಳಿಗೆ, ನಡುವೆ ಯಾರಾದರೂ ಬಂದರೆ ಅವರಿಗೆ. ತಳದಲ್ಲಿ ಉಳಿದದ್ದು ಅವಳಿಗೆ. ಏನೂ ಉಳಿಯದಿದ್ದರೆ ‘ನನಗ ಹಸಿವಿಲ್ಲ’ ಎಂದು ಚಹಾ ಕುಡಿಯುತ್ತಾಳೆ. ಬಂದೇನವಾಜ ಇದನ್ನೇ ಆಟದೊಳಗೆ ಇಳಿಸಿದ: ಸೌಟು ಹಿಡಿದವಳು ಕೊನೆಗೆ ಉಣ್ಣುತ್ತಾಳೆ. ಅವಳು ಹಸಿವಿನಿಂದ ಬಿದ್ದರೆ ಆಟ ನಿಲ್ಲಬಾರದಲ್ಲ, ಅದಕ್ಕೆ ಇನ್ನೊಂದು ಸಾಲು ಸೇರಿಸಿದ. ಒಬ್ಬಳು ಬಿದ್ದರೆ ಮನೆಯ ಇನ್ನೊಂದು ಹೆಣ್ಣು, ಯಾರೂ ಹೇಳದಿದ್ದರೂ, ತಾನೇ ಎದ್ದು ಸೌಟು ಹಿಡಿಯಬೇಕು. ಮೊದಲನೆಯವಳಿಗೆ ಅನೀಸಾ ಎಂದೇ ಹೆಸರಿಟ್ಟ. ಸಿದ್ದಲಿಂಗ ತಲೆ ಮೇಲೆ ಸೆರಗು ಹೊದಿಸಿ ಚೆಂದಾಗಿ ಬರೆದುಕೊಟ್ಟ.

ಬಂದೇನವಾಜ ಹಬ್ಬದ ಸೀರೆ ತಂದವನ ಹಾಗೆ ಹೆಂಡತಿಯನ್ನು ಕರೆದು ತೋರಿಸಿದ. ಅವರ ಮನೆಮಾತು ಉರ್ದು. ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ, ಅಷ್ಟೆ.

“ನೋಡಿಲ್ಲೆ, ನಿನ್ನ ಹೆಸರ ಇಟ್ಟೇನಿ.”

ಅನೀಸಾ ಒದ್ದೆ ಕೈ ಒರೆಸಿಕೊಳ್ಳುತ್ತ ಪರದೆಯನ್ನು ಬಹಳ ಹೊತ್ತು ನೋಡಿದಳು.

“ಇಕಿ ಯಾವಾಗ ಉಣ್ತಾಳ್ರಿ?”

“ಎಲ್ಲಾರದೂ ಆದಮ್ಯಾಲ.”

“ಉಳೀಲಿಲ್ಲಂದ್ರ?”

“ಆಟ ಐತಿ ಅದು. ನೀ ಯಾಕ ಅಷ್ಟ ವಿಚಾರ ಮಾಡ್ತಿ?”

ಅವಳು ವಿಚಾರ ಮಾಡಲು ಕಾರಣವಿತ್ತು. ಆಗಲೇ ಅವಳಿಗೆ ಎದ್ದರೆ ಕಣ್ಣಿಗೆ ಕತ್ತಲು ಬರುತ್ತಿತ್ತು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಹೊಟ್ಟೆ ತುಂಬ ಉಣ್ಣದಿದ್ದರೆ ಒಂದು ದಿನ ನಿಂತಲ್ಲೇ ಬೀಳುತ್ತೀ ಎಂದು ಬೈದು ಕಳಿಸಿದ್ದರು. ಬೈದದ್ದನ್ನು ಗಂಡನೂ ಕೇಳಿದ, ಅತ್ತೆಯೂ ಕೇಳಿದಳು. “ಗುಳಿಗಿ ತೊಗೊ, ಆರಾಮ ಆಗ್ತೈತಿ,” ಅಂದಳು ಅತ್ತೆ. ಗುಳಿಗೆ ಬಂತು, ಬಡಿಸುವ ಸರದಿ ಮಾತ್ರ ಬದಲಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಈ ಮನೆಯಲ್ಲಿ ಆ ಕತ್ತಲು ಅಡುಗೆಮನೆಯಲ್ಲಿತ್ತು.

ಆಟವನ್ನು ಮೊದಲು ಆಡಿ ನೋಡಿದವಳು ಮೆಹರೀನ. ಶಾಣ್ಯಾ ಹುಡುಗಿ, ಒಂದೇ ದಿನದಲ್ಲಿ ಗುಟ್ಟು ಹಿಡಿದಳು.

“ಅಬ್ಬಾ, ಒಂದು ಯುಕ್ತಿ ಸಿಕ್ಕೈತಿ. ಬೇಕಂತನ ಕಾಳು ಕಡಿಮಿ ತರಬೇಕು. ಸಿಪಾಯಿಗೋಳಿಗೆ ಸಾಕಾಗ್ತೈತಿ, ಅಮ್ಮೀ ಒಬ್ಬಾಕಿಗೆ ಸಿಗೂದಿಲ್ಲ. ಕಾಳು ತರೂ ಮಂದ್ಯಾಗ ಉಳಿದವರನ್ನ ಯುದ್ಧಕ್ಕ ಕಳಸಬಹುದು.”

“ಅಮ್ಮೀ ಬಿದ್ದರ?”

“ಇನ್ನೊಬ್ಬಾಕಿ ಬರ್ತಾಳಲ್ಲ.”

ಬಂದೇನವಾಜ ಮಗಳ ಬೆನ್ನು ತಟ್ಟಿ ಶಾಬಾಸ್ ಅಂದ. ಅಯ್ಯೋ ಮೂಢ, ಬೆನ್ನು ತಟ್ಟುವ ಹೊತ್ತೇ ಅದು? ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತಿದ್ದ ಅನೀಸಾ ಎಲ್ಲ ಕೇಳಿಸಿಕೊಂಡಳು. ಹದಿನೈದು ವರ್ಷದ ಸಂಸಾರದಲ್ಲಿ ಗಂಡನ ಹತ್ತಿರ ಏನೂ ಬೇಡದವಳು ಅವತ್ತು ಬೇಡಿದಳು.

“ಅಕಿಗೂ ಒಂದು ಪಾಲು ಹಚ್ರಿ. ಆಚಿ ದಂಡ್ಯಾಗ ಹಂಚ್ತೀರಲ್ಲ, ಹಂಗ.”

“ಅದನ್ನ ತಗದ್ರ ಎರಡೂ ಪಡೆ ಒಂದ ಆಕ್ಕಾವ. ನಮ್ಮ ಪಡೆಯ ಚೆಂದನ ಅದರಾಗ ಐತಿ.”

“ಯಾರಿಗೆ ಚೆಂದರಿ?” ಅಂದಳು ಅನೀಸಾ. ಅವನಿಗೆ ಕೇಳಿಸಿತು, ಆದರೂ ಪರದೆಯ ಕಡೆ ತಿರುಗಿಕೊಂಡ. ಅಳಿಸಬೇಕಾದದ್ದು ಒಂದೇ ಒಂದು ಸಾಲು.

ಆ ಭಾನುವಾರ ಸಿದ್ದಲಿಂಗ ಹಳಿಯಾಳ, ಮುಂಡಗೋಡದ ಗೆಳೆಯರನ್ನು ಕಟ್ಟಿಕೊಂಡು ಬಂದ. ಆಡಿ ನೋಡಿ ಓರೆಕೋರೆ ಹೇಳುವುದು ಅವರ ಕೆಲಸ. ಅನೀಸಾ ನಸುಕಿನಲ್ಲೇ ಎದ್ದಿದ್ದಳು. ಮನೆಯವರಿಗೆ ಬಿರ್ಯಾನಿ. ಸಿದ್ದಲಿಂಗನ ಕಡೆಯವರು ಮಾಂಸ ಮುಟ್ಟದವರು, ಅವರಿಗೆಂದೇ ತೆಗೆದಿಟ್ಟ ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಪಲಾವ್. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದದ್ದು ಚಹಾ ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಮೆಹರೀನಳ ಯುಕ್ತಿ ಎಲ್ಲರಿಗೂ ಕರಗತವಾಗಿತ್ತು. ಒಬ್ಬನಿಗಾದರೂ ಆ ಹೆಂಗಸಿಗೆ ಉಣಿಸಿ ಗೆಲ್ಲೋಣ ಅನ್ನಿಸಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಇವರು ಬಡಿಸುವವಳನ್ನು ಕೊಂದ ಸಲ ಎಣಿಸುತ್ತಿದ್ದರು.

“ಭಾಬಿ, ಸಿಟ್ಟಾಗಬ್ಯಾಡ್ರಿ,” ಅಂದ ಮುಂಡಗೋಡದ ಈರೇಶ, ತಾಟಿನಿಂದ ಕೈ ಎತ್ತದೆ. “ಮೂರು ಸಲ ನಿಮ್ಮನ್ನ ಉಪಾಸ ಕೆಡವಿದೆ. ಮೂರೂ ಸಲ ಗೆದ್ದೆ.”

ಎಲ್ಲರೂ ನಕ್ಕರು. ಬಂದೇನವಾಜನೂ ನಕ್ಕ. ಗೋಡೆಗೆ ಒರಗಿ ನಿಂತಿದ್ದ ಅನೀಸಾ ಗಂಡನನ್ನೇ ನೋಡಿದಳು.

“ಹಂಗಂದ್ರ ನನ್ನ ಆಚಿ ದಂಡಿಗೆ ಹಾಕಿಬಿಡ್ರಿ. ಮಷೀನಾದ್ರೂ ಒಂದು ಪಾಲು ಕೊಡ್ತೈತಿ.”

ನಗು ಅಲ್ಲಿಗೇ ನಿಂತಿತು. ಯಾರಾದರೂ ಆಗ ‘ನೀವು ಕೂಡ್ರಿ, ಉಣ್ರಿ’ ಅನ್ನಬಹುದಿತ್ತು. ಸಿದ್ದಲಿಂಗನಿಗೆ ನಾಚಿಕೆಯಾಯಿತು. ನಾಚಿಕೆಯಾದವನು ಮಾತು ತಿರುಗಿಸಲು ತಾಟು ಮುಂದೆ ಚಾಚಿದ: “ಭಾಬಿ, ಪಲಾವ್ ಭಾಳ ಚಲೋ ಆಗೈತಿ. ಇನ್ನೊಂದು ಸೌಟು ಹಾಕ್ರಿ.”

ಅವಳು ತಳ ಕೆರೆದು ಹಾಕಿದಳು. ತಿರುಗಿ ಎರಡು ಹೆಜ್ಜೆ ಇಟ್ಟಳು, ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದಳು. ಹೊಸ್ತಿಲಿಗೆ ಹಣೆ ಬಡಿಯಿತು, ಸೌಟು ಒಲೆಯ ತನಕ ಉರುಳಿಕೊಂಡು ಹೋಯಿತು.

ಆಟೊ ತಂದರು, ಆಸ್ಪತ್ರೆಗೆ ಒಯ್ದರು. ಜೀವಕ್ಕೆ ಭಯವಿಲ್ಲ, ಆದರೆ ರಕ್ತ ಏರಿಸಬೇಕು, ಬಹಳ ದಿನ ಎಬ್ಬಿಸಬಾರದು ಅಂದರು. ‘ಮನೆಯಲ್ಲಿ ಇವಳಿಗೆ ಉಣ್ಣಲು ಕೊಡುತ್ತೀರೋ ಇಲ್ಲವೋ’ ಎಂದು ನರ್ಸಮ್ಮ ಎಲ್ಲರೆದುರು ಕೇಳಿದಾಗ ಬಂದೇನವಾಜ ನೆಲ ನೋಡಿದ. ಅನೀಸಾಳ ತಂಗಿಯನ್ನು ಹಾಸಿಗೆಯ ಪಕ್ಕ ಕೂರಿಸಿ ಸಂಜೆಗೆ ಮನೆಗೆ ಹೊರಟ. ದಾರಿಯುದ್ದಕ್ಕೂ ತನ್ನನ್ನು ತಾನು ಶಪಿಸಿಕೊಂಡ. ಮನೆ ಮುಟ್ಟಿದ ಕೂಡಲೇ ಆ ಸಾಲು ಅಳಿಸಬೇಕು ಎಂದುಕೊಂಡ.

ಮನೆ ಹೊಕ್ಕರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಒಲೆ ಹತ್ತಿತ್ತು. ಮೆಹರೀನ ದುಪಟ್ಟಾ ತಲೆಗೆ ಹೊದ್ದು ಸೌಟು ಹಿಡಿದು ನಿಂತಿದ್ದಳು. ಬಂದೇನವಾಜ ತಾಯಿಯ ಕಡೆ ತಿರುಗಿದ.

“ಅಮ್ಮಾ, ನೀ ಹೇಳಿದೇನು ಇಕಿಗೆ?”

“ನಾ ಯಾಕ ಹೇಳ್ಲಿ?” ಅಂದಳು ಸಿರಾಜುನ್ನಿಸಾ, ಸಮಾಧಾನದಿಂದ. “ಯಾರೂ ಹೇಳಿಲ್ಲ. ತಾನ ಎದ್ದು ಹೋತು ಕೂಸು. ಶಾಣ್ಯಾ ಐತಿ.”

ಮೆಹರೀನ ಮೊದಲು ಅಪ್ಪನ ಮುಂದೆ ತಾಟು ಇಟ್ಟಳು, ಆಮೇಲೆ ಅಜ್ಜಿಯ ಮುಂದೆ. ಇದ್ದ ರೊಟ್ಟಿಗಳು ಅಲ್ಲಿಗೇ ಮುಗಿದವು.

“ನಿನಗ ಎಲ್ಲೈತಿ?”

“ನೀವು ಉಣ್ರಿ ಅಬ್ಬಾ. ನನಗ ಹಸಿವಿಲ್ಲ.”

ಅವಳು ಒಲೆಗೆ ಚಹಾ ಇಟ್ಟಳು. ಬಂದೇನವಾಜನಿಗೆ ತಾಟನ್ನು ಮಗಳ ಕಡೆ ಸರಿಸಬೇಕು ಅನ್ನಿಸಿತು. ಆದರೆ ಮಧ್ಯಾಹ್ನದಿಂದ ಓಡಾಡಿ ಅವನಿಗೂ ಹಸಿವಾಗಿತ್ತು. ರೊಟ್ಟಿ ಮುರಿದ, ಸಾರಿನಲ್ಲಿ ಅದ್ದಿ ತಿಂದ.