ಈಶ್ವರಮ್ಮ ಸುಲ್ತಾನನನ್ನು ಬಿಟ್ಟು ಬಂದದ್ದು

ಸುಲ್ತಾನ ಜಪ್ಪಯ್ಯ ಎಂದರೂ ಲಾರಿ ಹತ್ತಲಿಲ್ಲ. ಮುಂದಿನಿಂದ ಇಬ್ಬರು ಹಗ್ಗ ಜಗ್ಗಿದರು, ಹಿಂದಿನಿಂದ ಒಬ್ಬ ಬಕೆಟ್ ಬಡಿದ. ಉಳಿದ ನಾಲ್ಕು ಕುದುರೆಗಳು ಆಗಲೇ ಒಳಗೆ ನಿಂತಿದ್ದವು. ಕೊನೆಗೆ ಈಶ್ವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಬುಡ್ರಪ್ಪಾ, ಅದೇನ್ ಕಲ್ಲುಗುಂಡಾ ದಬ್ಬೋಕೆ?" ಎಂದು ಎಲ್ಲರನ್ನೂ ಸರಿಸಿ, ತಾನೇ ಹಲಗೆ ಹತ್ತಿ ಒಳಗೆ ಹೋದಳು. ತಿರುಗಿ ನೋಡಲೂ ಇಲ್ಲ. ಸುಲ್ತಾನ ಮರುಮಾತಿಲ್ಲದೆ ಅವಳ ಹಿಂದೆ ಹತ್ತಿದ.

ವೈಟ್‌ಫೀಲ್ಡಿನಿಂದ ವರ್ತೂರಿಗೆ ಹೋಗುವ ದಾರಿಯಲ್ಲಿದ್ದ ಆ ಲಾಯಕ್ಕೆ ಅವಳು ಸೇರಿ ಹದಿನಾರು ವರ್ಷವಾಗಿತ್ತು. ಗಂಡ ಕಾಡಪ್ಪ ತೀರಿಕೊಂಡ ವರ್ಷ ಲದ್ದಿ ಬಾಚಲು ಸೇರಿದ್ದಳು. ಮಕ್ಕಳಿರಲಿಲ್ಲ. ಕುದುರೆಯ ಮೈ ತಿಕ್ಕುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಕಂಪನಿಗಳ ಗೇಟು ಕಾಯಲು ಹೋದಮೇಲೆ ಬ್ರಷ್ಷು ಇವಳ ಕೈಗೆ ಬಂತು. ಹೆಂಗಸು ಕುದುರೆ ನೋಡಿಕೊಳ್ಳುತ್ತಾಳಂತೆ ಎಂದು ಊರವರು ಮೂಗು ಮುರಿದರು. ಅವರೇ ಆಮೇಲೆ ಮೊಮ್ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಫೋಟೋ ತೆಗೆಸಲು ಹಲ್ಲು ಗಿಂಜಿಕೊಂಡು ಬಂದರು. ಈಶ್ವರಮ್ಮ ಕೂರಿಸಿದಳು, ಆದರೆ ಯಾರು ಯಾವಾಗ ಏನಂದಿದ್ದರು ಎಂಬುದನ್ನು ಒಂದೂ ಮರೆತಿರಲಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಲಾಯದ ಜಾಗಕ್ಕೆ ಅಪಾರ್ಟ್‌ಮೆಂಟು ಬಂತು. ಕುದುರೆಗಳ ಯಜಮಾನರೆಲ್ಲ ಭಾನುವಾರ ಮಾತ್ರ ಬಂದು ಸವಾರಿ ಮಾಡುವ ಐಟಿಯವರು. ಅವರು ಸರ್ಜಾಪುರದಾಚೆ ಒಂದು ಹೊಸ ಲಾಯ ಗೊತ್ತು ಮಾಡಿದರು. ಅಲ್ಲಿ ಅಲ್ಲಿಯದೇ ಆಳುಗಳಿದ್ದರು. ಎರಡು ದಿನ ಬಂದು ಕುದುರೆಗಳನ್ನು ಹೊಂದಿಸಿಕೊಡಿ ಎಂದು ಈಶ್ವರಮ್ಮನಿಗೆ ಹೇಳಿದರು. ಮೂರನೆಯ ದಿನದ ಮಾತು ಯಾರೂ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಕೆಲಸ ನೋಡಿದರೆ ತಾವಾಗಿಯೇ ಇಟ್ಟುಕೊಂಡಾರು ಎಂಬ ಆಸೆ ಅವಳಿಗೆ.

ಹೊಸ ಲಾಯದಲ್ಲಿ ಎಲ್ಲಾ ಪಸಂದಾಗಿತ್ತು. ಪ್ರತಿ ಕುದುರೆಗೂ ಒಂದು ಫ್ಯಾನು, ನೆಲಕ್ಕೆ ರಬ್ಬರ್ ಹಾಸು. ಮ್ಯಾನೇಜರ್ ಸಿದ್ದಾರ್ಥ್ ದಾವಣಗೆರೆ ಕಡೆಯ ಹುಡುಗ, ಮರ್ಯಾದಸ್ಥ. "ಇನ್ನು ನಮ್ಮ ನಂಜಪ್ಪ ನೋಡ್ಕೊಳ್ತಾನೆ, ನೀವು ನೆರಳಲ್ಲಿ ಕೂತ್ಕೊಳ್ಳಿ ಅಮ್ಮಾ" ಎಂದು ಕುರ್ಚಿ ಹಾಕಿಸಿದ. ಹದಿನಾರು ವರ್ಷದಲ್ಲಿ ಲಾಯದೊಳಗೆ ಕುರ್ಚಿಯ ಮೇಲೆ ಕೂತವಳಲ್ಲ. ಕೂತಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಎರಡಾದರೂ ಸುಲ್ತಾನ ಉಚ್ಚೆ ಹೊಯ್ದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಲಾರಿ ಹತ್ತಿದವನು. ಹಿಂಗಾಲು ಅಗಲಿಸುತ್ತಾನೆ, ನರಳುತ್ತಾನೆ, ಮತ್ತೆ ಕಾಲು ಕೂಡಿಸುತ್ತಾನೆ. ನಂಜಪ್ಪ ಶಿಳ್ಳೆ ಹಾಕಿದ. ಉಚ್ಚೆ ಹೊಯ್ಯಿಸಲು ಕುದುರೆ ನೋಡುವವರೆಲ್ಲ ಹಾಕುವ ಶಿಳ್ಳೆಯೇ ಅದು. ಸುಲ್ತಾನ ಅವನತ್ತ ನೋಡಲೂ ಇಲ್ಲ. ಸಿದ್ದಾರ್ಥ್ ಡಾಕ್ಟರಿಗೆ ಫೋನ್ ಮಾಡಿದ. ಐದು ಗಂಟೆಗೆ ಬಂದು ನಳಿಕೆ ಹಾಕಿ ಉಚ್ಚೆ ತೆಗೆಯುತ್ತೇನೆ ಎಂದರಂತೆ.

ಈಶ್ವರಮ್ಮನಿಗೆ ಮದ್ದು ಗೊತ್ತಿತ್ತು, ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಗೊತ್ತಾಗಲಿ ಇವರಿಗೆ, ಈಶ್ವರಮ್ಮ ಇಲ್ಲದಿದ್ದರೆ ಏನಾಗುತ್ತದೆಂದು ಗೊತ್ತಾಗಲಿ ಎಂದುಕೊಂಡಳು. ಇಂಥ ಬುದ್ಧಿ ತನ್ನಲ್ಲಿದೆ ಎಂದು ಅವಳಿಗೇ ಅದುವರೆಗೆ ತಿಳಿದಿರಲಿಲ್ಲ. ಹೀಗೆ ಅರ್ಧ ಗಂಟೆ ಕಳೆಯಿತು. ಸುಲ್ತಾನ ಮತ್ತೊಮ್ಮೆ ನರಳಿದ. ಛೀ, ಮೂಕಪ್ರಾಣಿಯ ಹೊಟ್ಟೆನೋವಲ್ಲಿ ನಾನು ಕೆಲಸ ಹುಡುಕುತ್ತಿದ್ದೇನಲ್ಲ ಎಂದು ನಾಚಿ ಎದ್ದಳು.

ಉಚ್ಚೆ ಕಾಲಿಗೆ ಸಿಡಿಯದಂತೆ ಒಂದು ಹೊರೆ ಹುಲ್ಲು ತಂದು ರಬ್ಬರಿನ ಮೇಲೆ ಹರಡಿದಳು. ಸುಲ್ತಾನನ ಹೊಟ್ಟೆಯ ಮೇಲೆ ಅಂಗೈ ಇಟ್ಟು "ಸ್ಸ್ಸ್... ಸ್ಸ್ಸ್..." ಎಂದಳು. ತಾಯಂದಿರು ಎಳೆಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ಮಾಡುವ ಸದ್ದೇ ಅದು. ಅವಳಿಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲ, ಅದಕ್ಕೇ ಮೊದಲಿನಿಂದ ಹೀಗೆ ರೂಢಿ ಮಾಡಿದ್ದಳು. ಸುಲ್ತಾನ ಕಾಲು ಅಗಲಿಸಿ ಧಾರಾಳವಾಗಿ ಹೊಯ್ದ. ನಂಜಪ್ಪ ಚಪ್ಪಾಳೆ ತಟ್ಟಿದ.

"ಅಮ್ಮಾ, ಸಕ್ಕತ್! ಇನ್ನೊಂದ್ಸಲ ಮಾಡಿ" ಎಂದು ಸಿದ್ದಾರ್ಥ್ ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದ. ಯಾಕೆಂದು ಅವಳಿಗೆ ಅರ್ಥವಾಯಿತು. ಕೆಮ್ಮಿ ಕೆಡಿಸಬಹುದಿತ್ತು, ಆದರೆ ಆ ದಿನ ಮಾಡಿದ ಒಂದು ತಪ್ಪೇ ಸಾಕಾಗಿತ್ತು. ಉಸಿರು ತೆಗೆದುಕೊಂಡು ಒಂದು ನಿಮಿಷ ಚೊಕ್ಕವಾಗಿ ಮಾಡಿಕೊಟ್ಟಳು. ಸಂಜೆ ಬಸ್ಸಿನಲ್ಲಿ ಮಾತ್ರ, ಫೋನಿನಲ್ಲಿ ಹಿಡಿದಿಟ್ಟ ಸದ್ದಿಗೆಲ್ಲ ಕುದುರೆ ಬಗ್ಗುತ್ತದೆಯೇ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಮರುದಿನ ಗೇಟಿನಲ್ಲೇ ನಂಜಪ್ಪ ಎದುರಾದ. "ಬೆಳಿಗ್ಗೆ ಫೋನ್ ಹಾಕಿದ ತಕ್ಷಣ ಹೊಯ್ತು ಕಣಕ್ಕಾ! ನಂಗೇನೂ ತೊಂದ್ರೆನೇ ಕೊಡ್ಲಿಲ್ಲ." ಅವಳಿಗೆ ತೋರಿಸಬೇಕೆಂದು ಸುಲ್ತಾನನ ಹತ್ತಿರ ಕರೆದೊಯ್ದು, ಸಿದ್ದಾರ್ಥನ ಫೋನು ಇಸಿದುಕೊಂಡು ಮತ್ತೆ ಹಾಕಿದ. ತನ್ನದೇ ಸದ್ದು ಕೇಳಿಸಿತು. ಈಶ್ವರಮ್ಮ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಸುಲ್ತಾನ ಕಿವಿ ನೆಟ್ಟಗೆ ಮಾಡಿ, ಮೂತಿ ಚಾಚಿದ್ದು ನಂಜಪ್ಪನ ಕೈಯಲ್ಲಿದ್ದ ಫೋನಿನ ಕಡೆಗೆ. ಅವಳಿಗೆ ಅಳುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲು ಬರುವಂತಿರಲಿಲ್ಲ.

"ಸವುಂಡು ಒಸಿ ಕಮ್ಮಿ ಮಾಡಪ್ಪಾ" ಎಂದಳು. "ನಾ ಅಷ್ಟು ಜೋರಾಗಿ ಮಾಡಾಕಿಲ್ಲ. ಅದ್ಕೆ ಗಾಬ್ರಿಯಾಯ್ತದೆ. ಕೆಳೀಕ್ ಉಲ್ಲು ಆಕೋದ್ ಮಾತ್ರ ಮರೀಬ್ಯಾಡ."

ಸಿದ್ದಾರ್ಥ್ ಕೈಮುಗಿದ. "ತುಂಬಾ ಉಪಕಾರ ಆಯ್ತು. ಎಲ್ಲಾ ಹೊಂದ್ಕೊಂಡಿವೆ, ಇವತ್ತು ನೀವು ಬೇಗ ಹೊರಡಬಹುದು." ಅಷ್ಟಕ್ಕೇ ಕಳಿಸುವುದು ಚೆನ್ನಾಗಿರುವುದಿಲ್ಲ ಎನ್ನಿಸಿತೋ ಏನೋ, "ಅಮ್ಮಾ, ನಿಮ್ಮ ಫೋನಿಗೂ ಇದನ್ನ ಹಾಕಿಕೊಡ್ಲಾ?" ಎಂದ.

ಈಶ್ವರಮ್ಮ ಸುಲ್ತಾನನ ಕುತ್ತಿಗೆ ಒಮ್ಮೆ ಸವರಿ ಈಚೆ ಬಂದಳು.

"ನಂಗ್ಯಾಕ್ ಸಾರ್? ನಮ್ಮನೇಲಿ ಯಾರವ್ರೆ, ಉಚ್ಚೆ ಉಯ್ಯಿಸೋಕೆ?"