ಹತ್ತರ ಗೆರೆ ಅಲುಗಾಡಿದ ದಿನ

೧೯೪೩ರಲ್ಲಿ ನಾನು ಶ್ರೀನಿವಾಸಪುರದಲ್ಲಿ ಶಾಲಾ ಇನ್ಸ್‌ಪೆಕ್ಟರ್. ವಯಸ್ಸು ಮೂವತ್ತೊಂದು, ಕೋಪ ಮೂಗಿನ ತುದಿಯಲ್ಲೇ. ನಾಲ್ಕನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ ಎ, ಬಿ ಎಂದು ವಿಂಗಡಿಸುವುದು ಆ ವರ್ಷದ ಕೆಲಸ. ಎ ಬಂದವರು ಮುಂದಿನ ತರಗತಿಗೆ, ಬಿ ಬಂದವರು ಅಲ್ಲೇ ಇನ್ನೊಂದು ವರ್ಷ. ಇಪ್ಪತ್ತು ಪ್ರಶ್ನೆಗಳನ್ನು ನಾನೇ ಬರೆದಿದ್ದೆ. ಹತ್ತು ಸರಿಯಿದ್ದರೆ ಎ. ಅಕ್ಕಸಾಲಿಗನ ತಕ್ಕಡಿಯೂ ಹೀಗೆ ತೂಗಲಾರದು ಎಂದು ಬೀಗುತ್ತಿದ್ದೆ!

ಆ ಸಲ ಪರೀಕ್ಷೆಗೆ ಹೋದ ರಾಯಲ್ಪಾಡು ಹಳ್ಳಿಗೆ ದಿನಕ್ಕೊಂದೇ ಬಸ್ಸು. ಯುದ್ಧದಿಂದಾಗಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಅದು ಬೆಳಿಗ್ಗೆ ನನ್ನನ್ನು ಇಳಿಸಿ, ಎರಡು ಗಂಟೆಗೆ ವಾಪಸು ಹೊರಡುತ್ತಿತ್ತು. ಅಷ್ಟರಲ್ಲಿ ಮೂವತ್ತು ಮಕ್ಕಳ ಹಣೆಬರಹ ಬರೆದು ಮುಗಿಸಬೇಕು. ನಾವು ಇನ್ಸ್‌ಪೆಕ್ಟರುಗಳೆಲ್ಲ ಮಾಡುತ್ತಿದ್ದದ್ದೇ ಹಾಗೆ.

ಮುನಿವೆಂಕಟಮ್ಮ ಎಂಬ ಹುಡುಗಿಗೆ ಒಂಬತ್ತು ಬಂತು. ಬಿ ಎಂದು ಬರೆಯಲು ಪೆನ್ನೆತ್ತಿದೆ. ಮೇಷ್ಟ್ರು ನಾರಾಯಣಪ್ಪ ಅಡ್ಡ ಬಂದರು.

“ಸಾರ್, ಬಿ ಅಂತ ಬರೆದ್ರೆ ಅವಳಪ್ಪ ನಾಳೆನೇ ಸ್ಕೂಲ್ ಬಿಡಿಸ್ತಾನೆ. ಚುರುಕು ಹುಡುಗಿ ಸಾರ್.”

“ನನ್ನ ಪರೀಕ್ಷೆ ಸುಳ್ಳು ಹೇಳುತ್ತೇನ್ರೀ?” ಎಂದು ರೇಗಿದೆ.

ಹುಡುಗಿ ಹೆದರಲಿಲ್ಲ. “ಇನ್ನೊಂದ್ಸಲ ಕೇಳಿ ಸಾರ್, ಹೇಳ್ತೀನಿ.”

ಹಟ ಬಂತು. ಬಸ್ಸು ಹೋದರೆ ಹೋಗಲಿ ಎಂದು ಅಲ್ಲೇ ಉಳಿದೆ. ಅಷ್ಟೇ ಕಷ್ಟದ ಬೇರೆ ಇಪ್ಪತ್ತು ಪ್ರಶ್ನೆ ಬರೆದು, ಮರುದಿನ ಬೆಳಿಗ್ಗೆ ಅದೇ ಮೂವತ್ತು ಮಕ್ಕಳಿಗೆ ಕೊಟ್ಟೆ. ನನ್ನ ತಕ್ಕಡಿ ಸರಿ ಎಂದು ಮೇಷ್ಟ್ರಿಗೆ ತೋರಿಸಬೇಕಿತ್ತು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆ. ಅಬ್ಬಾ! ಏಳು ಮಕ್ಕಳು ಗುಂಪು ಬದಲಿಸಿದ್ದರು! ಮುನಿವೆಂಕಟಮ್ಮ ಹನ್ನೆರಡು ತೆಗೆದು ಇನ್ನೂ ಮೂವರ ಜೊತೆ ಮೇಲೆ ಬಂದಿದ್ದಳು, ಮೂವರು ಕೆಳಗಿಳಿದಿದ್ದರು. ನಾಚಿಕೆಯಾಗಬೇಕಿತ್ತು, ಆದರೆ ಮೈ ಜುಮ್ಮೆಂದಿತು. ಮತ್ತೆ ಮತ್ತೆ ನೋಡಿದೆ. ಐದರ ಒಳಗಿದ್ದವರು, ಹದಿನೈದು ದಾಟಿದವರು ಒಬ್ಬರೂ ಕದಲಿರಲಿಲ್ಲ. ಕದಲಿದವರೆಲ್ಲ ಹತ್ತರ ಆಸುಪಾಸಿನವರೇ. ನನ್ನ ಪರೀಕ್ಷೆಗೆ ಹತ್ತರ ಗೆರೆಯಿಂದ ದೂರದವರು ಸರಿಯಾಗಿ ಕಾಣುತ್ತಿದ್ದರು, ಗೆರೆಯ ಪಕ್ಕದವರು ಕಾಣುತ್ತಲೇ ಇರಲಿಲ್ಲ!

“ಹಂಗಾದ್ರೆ ಎ ಅಂತ ಬರೆದ್ಬಿಡಿ ಸಾರ್,” ಎಂದರು ಮೇಷ್ಟ್ರು.

“ನಿನ್ನೇದು ಸುಳ್ಳಾದ್ರೆ ಇವತ್ತಿಂದು ನಿಜ ಅಂತ ಹೇಗ್ರೀ ಹೇಳ್ಲಿ? ಕೆಳಗಿಳಿದ ಮೂವರ ಗತಿ ಏನು?”

ಫಾರಂನಲ್ಲಿ ಎರಡೇ ಕಲಂ. ಸ್ಕೇಲು ತರಿಸಿ ಮೂರನೆಯದನ್ನು ನಾನೇ ಎಳೆದೆ. ಏಳು ಹೆಸರುಗಳನ್ನೂ ಅಲ್ಲಿ ಬರೆದು, ‘ನಿಶ್ಚಯವಿಲ್ಲ, ಮುಂದಿನ ತರಗತಿಯಲ್ಲಿ ಕೂರಿಸಿ ಮೂರು ತಿಂಗಳು ನೋಡುವುದು’ ಎಂದು ರುಜು ಹಾಕಿದೆ. ಮೇಲಿನವರು ಬೈದರೆ ಬೈಯಲಿ ಎನ್ನಿಸಿತು.

ಅಷ್ಟರಲ್ಲಿ ಹುಡುಗಿಯ ಅಪ್ಪ ಬಂದ. ಹೊಲದಿಂದ ನೇರ ಬಂದಿದ್ದ.

“ಏಮಿ ಸಾಮೀ, ನಮ್ ಹುಡ್ಗಿ ದಡ್ಡೀನಾ? ಹಂಗಿದ್ರೆ ಹೇಳ್ಬಿಡಿ, ಕೆಲ್ಸಕ್ಕೆ ಕರ್ಕೊಂಡೋಗ್ತೀನಿ.”

ಹಿಂದಿನ ದಿನವಾಗಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. “ನನಗೆ ಗೊತ್ತಿಲ್ಲಪ್ಪ,” ಎಂದೆ. “ಎರಡು ಸಲ ಕೇಳಿದೆ, ಎರಡು ಉತ್ತರ ಬಂತು.”

ಅವನು ನನ್ನನ್ನು, ಮಗಳನ್ನು, ಮತ್ತೆ ನನ್ನನ್ನು ನೋಡಿದ.

“ಇನ್ಸ್‌ಪೆಕ್ಟ್ರು ಸಾಮಿಗೇ ಗೊತ್ತಿಲ್ಲ ಅಂದ್ಮೇಲೆ, ನಾನ್ಯಾವನು ಬಿಡ್ಸೋಕೆ? ಹೋಗಮ್ಮಾ, ಕೂತ್ಕೋ ಹೋಗು.”

ಅವಳು ಓಡಿಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು. ಆಮೇಲೆ ಇಪ್ಪತ್ತಾರು ವರ್ಷ ಪರೀಕ್ಷೆ ನಡೆಸಿದೆ. ಪ್ರತಿ ಫಾರಂನಲ್ಲೂ ಮೊದಲು ಆ ಮೂರನೆಯ ಕಲಂ ಎಳೆದುಕೊಂಡೇ ಹೆಸರು ಬರೆಯುತ್ತಿದ್ದೆ.